ಹದಿನೇಳನೆಯ ಲೋಟ

ಅವಳಿಗೆ ತಕ್ಕಡಿಯಮ್ಮ ಎಂದು ಹೆಸರಿಟ್ಟವನು ಅಡುಗೆಯವನು. ತಮಾಷೆಗೆಂದು ಇಟ್ಟ ಹೆಸರು ಒಂದೇ ವಾರದಲ್ಲಿ ಇಡೀ ವೃದ್ಧಾಶ್ರಮಕ್ಕೆ ಹಬ್ಬಿತು. ಕೊನೆಗೆ ಮ್ಯಾನೇಜರು ಕೂಡ ಹಾಜರಿ ಕರೆಯುವಾಗ ಅದೇ ಹೆಸರು ಬಾಯಿಗೆ ಬಂದು ನಾಲಿಗೆ ಕಚ್ಚಿಕೊಂಡರು. ಅವಳಿಗೇನೂ ಬೇಜಾರಿರಲಿಲ್ಲ. ಅರವತ್ತೆರಡು ವರ್ಷಕ್ಕೆ ಒಂದು ಹೊಸ ಹೆಸರು ಸಿಗುವುದೆಂದರೆ ಸಣ್ಣ ಮಾತೇ?

ಹೆಸರಿಗೆ ಕಾರಣ ಅವಳ ಕೆಲಸ. ಊಟದ ಹಾಲ್‌ಗೂ ಪಾತ್ರೆ ತೊಳೆಯುವ ಕೋಣೆಗೂ ನಡುವೆ ಒಂದು ಚಿಕ್ಕ ಕಿಂಡಿ, ಕಿಂಡಿಯ ಹಿಂದೆ ಒಂದು ಮೇಜು, ಮೇಜಿನ ಮೇಲೆ ಕೆಂಪು ಅಂಕಿ ಹೊಳೆಯುವ ತೂಕದ ಯಂತ್ರ. ಊಟಕ್ಕೆ ಮೊದಲು ಮೂವತ್ತೆಂಟು ತಟ್ಟೆ, ಮೂವತ್ತೆಂಟು ಲೋಟ ತೂಗಿ ಕಳಿಸಬೇಕು. ಊಟವಾದ ಮೇಲೆ ಮತ್ತೆ ಅವನ್ನೇ ತೂಗಿ, ಯಾರು ಎಷ್ಟು ಬಿಟ್ಟರು ಎಂದು ಪುಸ್ತಕದಲ್ಲಿ ಬರೆಯಬೇಕು. ಒಂದು ತುಂಡು ಬ್ರೆಡ್ಡು ಬಿಟ್ಟರೂ ಬರೆಯಬೇಕು, ಒಂದು ಗುಟುಕು ಬಿಟ್ಟರೂ ಬರೆಯಬೇಕು. ಅವಳು ಬರೆಯುತ್ತಿದ್ದಳು. ಮಹಡಿಯ ಮುದುಕನೊಬ್ಬ ಬೇಯಿಸಿದ ಬೀನ್ಸನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ತುರುಕಿದರೆ, ಜೇಬಿನಿಂದ ತೆಗೆಸಿ ಅದನ್ನೂ ತೂಗುತ್ತಿದ್ದಳು. ಕರವಸ್ತ್ರದ ತೂಕ ಕಳೆಯಲು ಮರೆಯುತ್ತಿರಲಿಲ್ಲ.

ಇದೆಲ್ಲ ಏತಕ್ಕೆಂದರೆ, ಆಸ್ಪತ್ರೆಯಿಂದ ಬರುತ್ತಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಅಲ್ಲಿ ಒಂದು ಅಧ್ಯಯನ ಹೂಡಿದ್ದರು. ವಯಸ್ಸಾದವರ ಎಲುಬಿಗೂ ಕೈಕಾಲಿನ ಬಲಕ್ಕೂ ಹಾಲು, ಮೊಸರು, ಚೀಸೇ ಆಗಬೇಕೋ, ಇಲ್ಲ ಸೋಯಾ, ಕಾಳು, ಬೀಜ, ಸೊಪ್ಪುಗಳೂ ಅಷ್ಟೇ ಕೆಲಸ ಮಾಡುತ್ತವೋ ಎಂಬುದನ್ನು ಒಂದು ವರ್ಷ ಉಣ್ಣಿಸಿ ನೋಡುವ ಕೆಲಸ. ಒಪ್ಪಿದವರು ಮೂವತ್ತೆಂಟು ಮಂದಿ. ಅವರನ್ನು ಚೀಟಿ ಎತ್ತಿಸಿ ಎರಡು ಗುಂಪು ಮಾಡಿದರು. ನೀಲಿ ಅಂಚಿನ ಲೋಟ ಸಿಕ್ಕವರಿಗೆ ಹಾಲು, ಹಳದಿ ಅಂಚಿನ ಲೋಟ ಸಿಕ್ಕವರಿಗೆ ಸೋಯಾ. ಲೋಟದ ತಳದಲ್ಲಿ ಅವರವರ ನಂಬರು. ಒಬ್ಬರದು ಇನ್ನೊಬ್ಬರು ಮುಟ್ಟಕೂಡದು. ಇಷ್ಟೇ ನಿಯಮ.

ಹದಿನೇಳನೆಯ ನಂಬರು ತಕ್ಕಡಿಯಮ್ಮನ ಅಕ್ಕನದು.

ಅಕ್ಕನಿಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ, ತಂಗಿಯ ನಾಲ್ಕನೇ ಮಹಡಿಯ ಮನೆಗೆ ಹತ್ತಿ ಇಳಿಯುವುದು ಅವಳಿಂದಾಗಲಿಲ್ಲ. ತಂಗಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಜಾಗದಲ್ಲೇ ಒಂದು ಹಾಸಿಗೆ ಸಿಕ್ಕಿದ್ದು ಇಬ್ಬರಿಗೂ ಸಮಾಧಾನ ತಂದಿತ್ತು. ಚೀಟಿ ಎತ್ತಿದ ದಿನ ಅಕ್ಕನ ಕೈಗೆ ಹಳದಿ ಬಂದಾಗ ತಕ್ಕಡಿಯಮ್ಮ ಎಲ್ಲರೆದುರು ನಕ್ಕುಬಿಟ್ಟಿದ್ದಳು.

"ನಿನ್ನ ಪುಣ್ಯ ಅಕ್ಕ! ಹಾಲು ತಪ್ತು ನೋಡು."

"ಹೂಂ ಕಣೇ, ಬಚಾವಾದೆ" ಎಂದು ಅಕ್ಕನೂ ನಕ್ಕು, ಚೀಟಿಯನ್ನು ಮಡಿಸಿ, ಮತ್ತೆ ಮಡಿಸಿ, ಉಗುರಿನಷ್ಟು ಮಾಡಿ ಕಸದ ಬುಟ್ಟಿಗೆ ಹಾಕಿದ್ದಳು.

ಅಕ್ಕನಿಗೆ ಹಾಲು ಸೇರುವುದಿಲ್ಲ ಎಂಬುದು ಆ ಮನೆಯಲ್ಲಿ ಸೂರ್ಯ ಹುಟ್ಟುವಷ್ಟು ಖಾತ್ರಿಯಾದ ಸಂಗತಿ. ಚಿಕ್ಕಂದಿನಿಂದಲೂ ಅಷ್ಟೆ. ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದಳು.

ಅಧ್ಯಯನ ಶುರುವಾಗುವ ಮೊದಲು ಡಾಕ್ಟರು ಒಂದು ಯಂತ್ರ ತಂದಿದ್ದರು. ಹಿಮ್ಮಡಿಯನ್ನು ಅದರೊಳಗೆ ಇಟ್ಟರೆ ಎಲುಬು ಎಷ್ಟು ಗಟ್ಟಿ ಎಂದು ಅಂಕಿ ತೋರಿಸುವಂಥದು. ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡಲು ಯಾರದಾದರೂ ಕಾಲು ಬೇಕಾಗಿತ್ತು. ತಕ್ಕಡಿಯಮ್ಮ ಚಪ್ಪಲಿ ಬಿಟ್ಟು ಮುಂದೆ ಬಂದಳು.

"ಅಮ್ಮಾ, ನಿಮ್ಮ ಹಿಮ್ಮಡಿ ನೋಡಿದ್ರೆ ನಲವತ್ತರ ಹೆಂಗಸು ಅನ್ಬೇಕು" ಎಂದರು ಡಾಕ್ಟರು. ಅವಳ ಮುಖ ಇಷ್ಟಗಲವಾಯಿತು. ಅಂದಿಡೀ ಕಾರಿಡಾರಿನಲ್ಲಿ ಹೆಜ್ಜೆ ಸದ್ದಾಗುವಂತೆ ನಡೆದಳು.

ಅಕ್ಕನ ಹಿಮ್ಮಡಿ ಇಟ್ಟಾಗ ಡಾಕ್ಟರು ತಮಾಷೆ ಮಾಡಲಿಲ್ಲ. ಅಂಕಿಯನ್ನು ಎರಡು ಸಲ ನೋಡಿ, ಬರೆದುಕೊಂಡು, ನಡೆಯುವಾಗ ಗೋಡೆ ಹಿಡಿದೇ ನಡೀಬೇಕು ಎಂದಷ್ಟೇ ಹೇಳಿದರು. "ಒಂದೇ ತಾಯಿ ಮಕ್ಕಳು, ಒಂದೇ ಪಾತ್ರೆ ಅನ್ನ ತಿಂದೋರು. ಎಲುಬು ಮಾತ್ರ ಬೇರೆ ಬೇರೆ!" ಎಂದು ತಕ್ಕಡಿಯಮ್ಮ ಆಮೇಲೆ ಅಡುಗೆಯವನ ಮುಂದೆ ಆಶ್ಚರ್ಯಪಟ್ಟಳು. ಅವಳಿಗೆ ಅದು ಬರೀ ಆಶ್ಚರ್ಯವಾಗಿತ್ತು. ಅಷ್ಟರಲ್ಲೇ ನಿಂತಿದ್ದರೆ ಅವಳ ನಿದ್ದೆಯಾದರೂ ಉಳಿಯುತ್ತಿತ್ತು.

ಎಂಟು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಹದಿನೇಳನೆಯ ಲೋಟ ದಿನವೂ ಖಾಲಿಯಾಗಿ ಬರುತ್ತಿತ್ತು. ಉಳಿದಿದ್ದು ಸೊನ್ನೆ ಗ್ರಾಂ. ಪಕ್ಕದ ಹದಿನೆಂಟನೆಯದೂ ಹಾಗೆಯೇ. ಹದಿನೆಂಟು ಎಂದರೆ ಟೀಚರು. ಎಪ್ಪತ್ತೆಂಟನೆಯ ವಯಸ್ಸಿನಲ್ಲೂ ತುಟಿಗೆ ಕೆಂಪು ಬಣ್ಣ ಹಚ್ಚದೆ ಊಟದ ಹಾಲ್‌ಗೆ ಕಾಲಿಡದ ಹೆಂಗಸು. ಯಾರಾದರೂ ಮೂಗು ಮುರಿದರೆ, "ನಲವತ್ತು ವರ್ಷ ಮಕ್ಕಳು ನನ್ನ ಬಾಯನ್ನೇ ನೋಡ್ತಾ ಕೂತಿದ್ರು. ಈಗ ಬೋಳು ಬಾಯಿ ತೋರಿಸ್ಲಾ?" ಎಂದು ಗದರುತ್ತಿದ್ದರು. ಅವರಿಗೆ ಸಿಕ್ಕಿದ್ದು ನೀಲಿ ಲೋಟ. ಕಂಬದ ಪಕ್ಕದ ಇಬ್ಬರೇ ಕೂರುವ ಮೇಜು ಅವರಿಗೂ ಅಕ್ಕನಿಗೂ. ಎರಡು ಸೊನ್ನೆ ಬರೆಯುವಾಗ ತಕ್ಕಡಿಯಮ್ಮನಿಗೆ ಒಳಗೊಳಗೇ ಹೆಮ್ಮೆ. ನಮ್ಮಕ್ಕ ನೋಡಿ, ಒಂದು ತೊಟ್ಟೂ ಬಿಡಲ್ಲ ಎಂದು ಡಾಕ್ಟರಿಗೆ ಪುಸ್ತಕ ತೋರಿಸುತ್ತಿದ್ದಳು. "ಯಂತ್ರ ಸುಳ್ಳು ಹೇಳಲ್ಲ ಡಾಕ್ಟ್ರೇ" ಎನ್ನುತ್ತಿದ್ದಳು.

ಒಂಬತ್ತನೆಯ ತಿಂಗಳ ಒಂದು ಮಧ್ಯಾಹ್ನ ಯಂತ್ರ ಕಣ್ಣು ಬಿಡಲಿಲ್ಲ. ಗುಂಡಿ ಒತ್ತಿದಳು, ತಟ್ಟಿದಳು, ಬೈದಳು. ಅಡುಗೆಯವನು ಹೊಸ ಬ್ಯಾಟರಿ ಹುಡುಕುತ್ತ ಉಗ್ರಾಣಕ್ಕೆ ಹೋದ. ಅಷ್ಟು ಹೊತ್ತು ಅವಳು ಮಾಡಲು ಕೆಲಸವಿಲ್ಲದೆ, ಬಂದ ಲೋಟಗಳನ್ನು ನಂಬರಿನ ಪ್ರಕಾರ ಸಾಲಾಗಿ ಜೋಡಿಸಿಟ್ಟು ಎದುರು ಕೂತಳು. ಎಂಟು ತಿಂಗಳಲ್ಲಿ ಅವಳು ಆ ಲೋಟಗಳನ್ನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ದಿನವೂ ನೋಡುತ್ತಿದ್ದದ್ದು ಕೆಂಪು ಅಂಕಿಯನ್ನು. ಲೋಟ ಯಂತ್ರದ ಮೇಲೆ ಕೂತು ಎದ್ದು ತೊಟ್ಟಿಗೆ ಹೋಗಿಬಿಡುತ್ತಿತ್ತು.

ಹದಿನೇಳನೆಯ ಹಳದಿ ಲೋಟದ ಅಂಚಿನಲ್ಲಿ ಕೆಂಪು ತುಟಿಯ ಗುರುತಿತ್ತು.

ಅವಳು ಲೋಟ ತಿರುಗಿಸಿ ತಳ ನೋಡಿದಳು. ಹದಿನೇಳೇ. ಹದಿನೆಂಟನೆಯ ನೀಲಿ ಲೋಟ ಎತ್ತಿಕೊಂಡಳು. ಅದರಲ್ಲಿ ಬಣ್ಣವಿಲ್ಲ. ಒಳಗೆ ಹಾಲಿನ ತೆಳುವಾದ ಪೊರೆ ಇರಬೇಕಾದ ಕಡೆ, ಯಾರೋ ಬೆರಳಿನಿಂದ ಸುತ್ತಲೂ ಬಳಿದು ನೆಕ್ಕಿದ ಗೆರೆ ಇತ್ತು. ಬ್ಯಾಟರಿ ಬಂತು, ಯಂತ್ರ ಕಣ್ಣು ಬಿಟ್ಟಿತು. ಎರಡೂ ಲೋಟಗಳಿಗೆ ಸೊನ್ನೆ ತೋರಿಸಿತು. ಅವಳು ಎರಡು ಸೊನ್ನೆ ಬರೆದಳು.

ಮರುದಿನ ಊಟದ ಹೊತ್ತಿಗೆ ಅವಳು ಕಿಂಡಿಯ ಬಾಗಿಲನ್ನು ಎರಡು ಬೆರಳಷ್ಟು ತೆರೆದು ನಿಂತಳು. ಬಡಿಸುವವಳು ಕಂಬ ದಾಟಿ ಹೋಗುವುದನ್ನೇ ಟೀಚರು ಕಾಯುತ್ತಿದ್ದರು. ಎರಡು ಲೋಟಗಳು ಮೇಜಿನ ಮೇಲೆ ಸದ್ದಿಲ್ಲದೆ ಜಾಗ ಬದಲಿಸಿದವು. ಟೀಚರು ಔಷಧಿ ಕುಡಿದಂತೆ ಸೋಯಾ ಹಾಲನ್ನು ಗಟಗಟ ಮುಗಿಸಿ ತುಟಿ ಒರೆಸಿಕೊಂಡರು.

ಅಕ್ಕ ಆತುರ ಮಾಡಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮುಖದ ಹತ್ತಿರ ತಂದಳು. ವಾಸನೆ ತೆಗೆದುಕೊಂಡಳು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು, ಬಾಯಲ್ಲಿ ಇಟ್ಟುಕೊಂಡಳು, ನುಂಗಿದಳು. ಆಮೇಲೆ ಇನ್ನೊಂದು. ಕೊನೆಗೆ ತೋರುಬೆರಳನ್ನು ಲೋಟದೊಳಗೆ ಆಡಿಸಿ ಬಾಯಿಗಿಟ್ಟುಕೊಂಡಳು. ಎಪ್ಪತ್ತೊಂದು ವರ್ಷದ ಮುದುಕಿ ಚಿಕ್ಕ ಮಗುವಿನಂತೆ ಬೆರಳು ಚೀಪುತ್ತಿದ್ದಳು.

ಕಿಂಡಿಯ ಹಿಂದೆ ತಂಗಿಗೆ ಮೊದಲು ಬಂದದ್ದು ಸಿಟ್ಟು. ಮೂವತ್ತೆಂಟು ಮಂದಿಯ ಎಂಟು ತಿಂಗಳ ಲೆಕ್ಕ, ತನ್ನ ಪುಸ್ತಕ, ತನ್ನ ಮಾತು, ಎಲ್ಲ ಮಣ್ಣುಪಾಲು. ಸಿಟ್ಟಿನ ಬೆನ್ನಿಗೇ ಒಂದು ಹಳೆಯ ಅಡುಗೆಮನೆ ಕಣ್ಣ ಮುಂದೆ ಬಂತು. ಅವಳು ಗೋಡೆಗೆ ಒರಗಿದಳು.

ಅವಳಿಗಾಗ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅಪ್ಪ ತೀರಿಕೊಂಡಿದ್ದ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಒಂದು ಲೋಟ ಹಾಲನ್ನು ಎರಡು ಲೋಟಕ್ಕೆ ಸಮನಾಗಿ ಬಗ್ಗಿಸಿ, ಕುಡೀರಿ ಎಂದು ಹೇಳಿ ಓಡುತ್ತಿದ್ದಳು. ಅಮ್ಮನ ಹೆಜ್ಜೆ ಸದ್ದು ಮೆಟ್ಟಿಲಿಳಿದ ಮೇಲೆ ಅಕ್ಕ ತನ್ನ ಲೋಟವನ್ನು ತಂಗಿಯ ಲೋಟಕ್ಕೆ ಸುರಿಯುತ್ತಿದ್ದಳು. "ನಂಗೆ ಸೇರಲ್ಲ ಕಣೇ, ನೀನೇ ಕುಡಿ. ಅಮ್ಮಂಗೆ ಹೇಳ್ಬೇಡ." ತಂಗಿ ಕುಡಿಯುತ್ತಿದ್ದಳು. ಆಮೇಲೆ ಅಕ್ಕ ಖಾಲಿ ಲೋಟಗಳಿಗೂ ಹಾಲು ಕಾಯಿಸಿದ ಪಾತ್ರೆಗೂ ಒಂದಿಷ್ಟು ನೀರು ಹಾಕಿ, ಗುಲುಗುಲು ಆಡಿಸಿ, ಆ ಬಿಳಿಚಿದ ನೀರನ್ನು ಕುಡಿದುಬಿಡುತ್ತಿದ್ದಳು. ಯಾಕಕ್ಕ ಎಂದರೆ, "ಹೀಗೆ ಮಾಡಿದ್ರೆ ಲೋಟ ತೊಳೆಯೋದು ಸುಲಭ" ಎನ್ನುತ್ತಿದ್ದಳು.

ಹಾಲು ಸೇರದವಳಿಗೆ ಹಾಲಿನ ಲೋಟ ತೊಳೆದ ನೀರು ಹೇಗೆ ಸೇರುತ್ತಿತ್ತು? ಐವತ್ತೆಂಟು ವರ್ಷದಲ್ಲಿ ಆ ಪ್ರಶ್ನೆ ಅವಳ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ಕಿಂಡಿಯ ಹಿಂದೆ ನಿಂತು ಅವಳಿಗೆ ನಾಚಿಕೆಯಾಯಿತು. ಬದುಕಿನಲ್ಲಿ ಅಷ್ಟು ನಾಚಿಕೆ ಅವಳಿಗೆ ಎಂದೂ ಆಗಿರಲಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಅಕ್ಕನ ಕೋಣೆಗೆ ಹೋದಳು. ಅಕ್ಕ ಕಿಟಕಿಯ ಬಳಿ ಕೂತು ಯಾರದೋ ಸ್ವೆಟರಿನ ಗುಂಡಿ ಹೊಲಿಯುತ್ತಿದ್ದಳು. ತಂಗಿಯ ಮುಖ ನೋಡಿದ ಕೂಡಲೇ ಸೂಜಿ ನಿಂತಿತು.

"ನೋಡ್ದೆಯಾ?"

"ನೋಡ್ದೆ."

"ಟೀಚರಿಗೆ ಹಾಲು ಕುಡಿದ್ರೆ ಹೊಟ್ಟೆ ಉಬ್ಬರ ಕಣೇ. ಹೇಳ್ಕೊಳ್ಳೋಕೆ ಅವರಿಗೆ ನಾಚ್ಕೆ. ಅದಕ್ಕೇ ನಾನು..."

"ನಿಂಗೂ ಸೇರಲ್ಲ ಅಂತಿದ್ದೆಯಲ್ಲ ಅಕ್ಕ?"

ಅಕ್ಕ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು.

"ಸೇರತ್ತೋ ಇಲ್ವೋ ಗೊತ್ತೇ ಇರ್ಲಿಲ್ಲ" ಎಂದಳು ಕೊನೆಗೆ. "ಹೇಳ್ತಾ ಹೇಳ್ತಾ ನಂಗೇ ನಿಜ ಅನ್ನಿಸ್ಬಿಟ್ಟಿತ್ತು. ದುಡಿಯೋಕೆ ಶುರು ಮಾಡಿದ ಮೇಲೂ ಕೊಂಡು ಕುಡಿಯೋಕೆ ಮನಸ್ಸು ಬರ್ಲಿಲ್ಲ. ನಿನ್ನ ಎದುರು ಹೇಗೆ ಕುಡೀಲಿ? ಮೊದಲ್ನೇ ದಿನ ಟೀಚರು ಲೋಟ ತಳ್ಳಿದಾಗ, ಅವರಿಗೋಸ್ಕರ ಅಂತಾನೇ ಬಾಯಿಗಿಟ್ಟೆ. ಆಮೇಲೆ..."

"ಆಮೇಲೆ?"

"ಚೆನ್ನಾಗಿತ್ತು ಕಣೇ." ಅಕ್ಕನ ದನಿ ಇಳಿಯಿತು. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳು ಹೇಳುವ ಹಾಗೆ ಹೇಳಿದಳು. "ತುಂಬಾ ಚೆನ್ನಾಗಿತ್ತು."

ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಒಂದು ಗೋಡೆ, ಒಂದು ನೀರಿನ ಕೊಳಾಯಿ, ಒಣಗಲು ಹಾಕಿದ ಹಾಸಿಗೆ ಹೊದಿಕೆಗಳು.

"ಬರೀತೀಯಾ?" ಎಂದಳು ಅಕ್ಕ.

ಬರೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹದಿನೇಳು, ಹದಿನೆಂಟು ಎರಡೂ ನಂಬರಿಗೆ ಗೀಟು ಬೀಳುತ್ತದೆ. ಆಶ್ರಮದ ಮಾಮೂಲಿ ಊಟದಲ್ಲಿ ಲೋಟದ ಹಾಲೆಂಬುದಿಲ್ಲ. ಚಹಾದ ಬಣ್ಣ ಬದಲಿಸುವಷ್ಟು ಹಾಲು, ಅಷ್ಟೆ. ಹೊರಗಿನಿಂದ ತಂದು ಕೊಡಲು ಮ್ಯಾನೇಜರು ಬಿಡುವುದಿಲ್ಲ. ಯಾರದೋ ಮಗ ತಂದ ತಿಂಡಿಯಿಂದ ಆರು ಜನ ಹಾಸಿಗೆ ಹಿಡಿದ ಮೇಲೆ ಹೊರಗಿನ ಆಹಾರ ಬಾಗಿಲಲ್ಲೇ ವಾಪಸ್ಸು. ಬರೆಯದಿದ್ದರೆ ಇನ್ನೂ ಮೂರು ತಿಂಗಳಿಗೂ ಮಿಕ್ಕಿ ದಿನಕ್ಕೊಂದು ಲೋಟ. ಅಕ್ಕನ ಅರವತ್ತು ವರ್ಷದ ಬಾಕಿ ಬಾಯಾರಿಕೆಗೆ ನೂರು ಲೋಟ ಹೆಚ್ಚೇ? ಆದರೆ ಹಾಗೆ ಬರೆದ ಪುಸ್ತಕವನ್ನು ನಂಬಿ ಡಾಕ್ಟರು ಊರಿಗೆಲ್ಲ ಇಂಥದ್ದು ತಿನ್ನಿ, ಇಂಥದ್ದು ಬಿಡಿ ಎಂದು ಹೇಳುತ್ತಾರೆ. ಯಾರದೋ ಅಕ್ಕ ಅದನ್ನು ನಂಬಿ ತಿನ್ನುತ್ತಾಳೆ, ಬಿಡುತ್ತಾಳೆ.

"ಬರೀಬೇಕಕ್ಕ" ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ತಂಗಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ಬರಿ. ನಿನ್ನ ಕೈ ಹಿಡಿದು ಬರೆಯೋದು ಕಲ್ಸಿದ್ದು ನಾನೇ ಅಲ್ವಾ? ಸುಳ್ಳು ಬರೆಯೋಕೆ ಕಲಿಸ್ಲಿಲ್ಲ. ಹೇಳೋಕೆ ಮಾತ್ರ ನಂಗೆ ಬರ್ತಿತ್ತು."

ಡಾಕ್ಟರು ಬಂದ ದಿನ ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, ನಿಂತೇ ಎಲ್ಲವನ್ನೂ ಹೇಳಿದಳು. ತಪ್ಪು ತನ್ನದು, ಅಂಕಿ ನೋಡಿದೆ, ಲೋಟ ನೋಡಲಿಲ್ಲ ಎಂದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಎಂಟು ತಿಂಗಳ ಕೆಲಸದಲ್ಲಿ ಇಬ್ಬರು ಹೋದರೆಂದರೆ ಯಾರಿಗೆ ತಾನೇ ಸಂಕಟವಾಗದು? ಆದರೂ ಅವರು ಬೈಯಲಿಲ್ಲ. ಕೆಂಪು ಪೆನ್ನಿನಿಂದ ಎರಡು ಗೀಟು ಎಳೆದು, "ಉಳಿದ ಮೂವತ್ತಾರು ಲೋಟಾನೂ ಇನ್ಮೇಲೆ ಕಣ್ಣಿಂದ ನೋಡಿ" ಎಂದಷ್ಟೇ ಅಂದರು.

ಅವಳು ಹೊರಡಲಿಲ್ಲ.

"ಡಾಕ್ಟ್ರೇ, ಒಂದು ಮಾತು. ಚಿಕ್ಕೋಳಿದ್ದಾಗ ನಂಗೆ ಕೊಟ್ಟ ಹಾಲು ಅವಳೇ ಕುಡಿದಿದ್ರೆ, ಅವಳ ಎಲುಬೂ ನನ್ನ ಥರ ಇರ್ತಿತ್ತಾ?"

"ಇಬ್ಬರನ್ನ ನೋಡಿ ಹಾಗೆಲ್ಲ ಹೇಳೋಕಾಗಲ್ಲಮ್ಮ. ಅದಕ್ಕೇ ತಾನೇ ಇಷ್ಟೊಂದು ಜನರನ್ನ ಕೂರಿಸ್ಕೊಂಡು ಒದ್ದಾಡ್ತಿರೋದು." ಅವರು ಸ್ವಲ್ಪ ಯೋಚಿಸಿದರು. "ಹಾಲೇ ಆಗ್ಬೇಕು ಅಂತೇನಿಲ್ಲ. ಕಾಳು, ಬೀಜ, ಸೊಪ್ಪು ಸಾಕಷ್ಟು ಸಿಕ್ಕಿದ್ರೆ ಅದರಲ್ಲೂ ಮಕ್ಕಳು ಚೆನ್ನಾಗಿ ಬೆಳೀತಾರೆ. ಪ್ರಶ್ನೆ ಬೇರೆ. ನಿಮ್ಮಕ್ಕಂಗೆ ಆಗ ಹಾಲಿನ ಬದಲು ಏನು ಸಿಕ್ತಿತ್ತು?"

ತಕ್ಕಡಿಯಮ್ಮ ತೆರೆದಿದ್ದ ಪುಸ್ತಕವನ್ನು ಮುಚ್ಚಿದಳು.

"ಲೋಟ ತೊಳೆದ ನೀರು" ಎಂದಳು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಅವಳು ಪುಸ್ತಕ ಎತ್ತಿಕೊಂಡು ಅಲ್ಲಿಂದ ಹೊರಟಳು.

ಮರುದಿನದಿಂದ ಕಂಬದ ಪಕ್ಕದ ಮೇಜಿಗೆ ಬಣ್ಣದ ಅಂಚಿನ ಲೋಟ ಬರಲಿಲ್ಲ. ಟೀಚರು ಎಲ್ಲರಿಗೂ ಕೇಳುವಂತೆ, "ನಂಗೆ ಹಾಲು ಕುಡಿದ್ರೆ ಗ್ಯಾಸು. ಈಗ ಎಲ್ರಿಗೂ ಗೊತ್ತಾಯ್ತಲ್ಲ, ನಗೋರು ನಕ್ಕುಬಿಡಿ" ಎಂದು ಸಾರಿ, ತುಟಿಗೆ ಇನ್ನೊಂದು ಸುತ್ತು ಬಣ್ಣ ಬಳಿದುಕೊಂಡರು. ಅಕ್ಕ ಸೂಪಿನಲ್ಲಿ ಬ್ರೆಡ್ಡು ಅದ್ದಿ ತಿಂದಳು. ಕೈ ಮಾತ್ರ ಒಮ್ಮೆ ಅಭ್ಯಾಸಬಲದಿಂದ ಬಲಗಡೆಗೆ, ಲೋಟವಿರುತ್ತಿದ್ದ ಜಾಗಕ್ಕೆ ಹೋಗಿ ವಾಪಸ್ಸು ಬಂತು. ಕಿಂಡಿಯಿಂದ ತಂಗಿ ಅದನ್ನು ನೋಡಿದಳು.

ಅಡುಗೆಮನೆಯ ಕೆಲಸದವರಿಗೆ ಮಧ್ಯಾಹ್ನ ನಾಲ್ಕಕ್ಕೆ ತಲಾ ಒಂದು ಲೋಟ ಬಿಸಿ ಹಾಲು ಕೊಡುವುದು ಅಲ್ಲಿನ ಹಳೆಯ ಪದ್ಧತಿ. ಹಬೆಯಲ್ಲಿ, ಒಲೆ ಮುಂದೆ ನಿಂತು ದುಡಿಯುವವರಿಗೆ ಸಲ್ಲುವ ಪಾಲು. ಹನ್ನೊಂದು ವರ್ಷದಿಂದ ತಕ್ಕಡಿಯಮ್ಮ ತನ್ನ ಪಾಲನ್ನು ಒಂದು ದಿನವೂ ಬಿಟ್ಟವಳಲ್ಲ. ಅಂದು ನಾಲ್ಕಕ್ಕೆ ಅಡುಗೆಯವನು ಲೋಟ ತುಂಬಿ ಕೊಟ್ಟಾಗ, ಅವಳು ಅದರ ಮೇಲೊಂದು ತಟ್ಟೆ ಮುಚ್ಚಿ ಹೊರಟಳು.

"ಎಲ್ಲಿಗೆ ಹೊತ್ಕೊಂಡು ಹೋಗ್ತೀಯಾ?" ಎಂದ ಅವನು.

"ನನ್ನ ಪಾಲು. ಎಲ್ಲಿಗಾದ್ರೂ ಹೊತ್ಕೊಂಡು ಹೋಗ್ತೀನಿ."

"ಹೋಗು ಹೋಗು. ಹೊರಗಿಂದ ತಂದಿದ್ದೇನಲ್ವಲ್ಲ" ಎಂದು ಅವನು ಬೆನ್ನು ತಿರುಗಿಸಿ ಸೌಟು ತೊಳೆಯತೊಡಗಿದ. ಬಾಯಿ ಒರಟಾದರೂ ಮನುಷ್ಯ ಕೆಟ್ಟವನಲ್ಲ.

ಅಕ್ಕ ಮಂಚದ ಮೇಲೆ ಕೂತಿದ್ದಳು. ತಂಗಿ ಲೋಟವನ್ನು ಅವಳ ಕೈಗಿಟ್ಟು ತಟ್ಟೆ ತೆಗೆದಳು. ಹಬೆ ಎದ್ದಿತು. ಅಕ್ಕ ಲೋಟವನ್ನು ನೋಡಿದಳು, ತಂಗಿಯನ್ನು ನೋಡಿದಳು, ಲೋಟವನ್ನು ವಾಪಸ್ಸು ಚಾಚಿದಳು. ಮಾತು ತನ್ನಷ್ಟಕ್ಕೆ ತಾನೇ ಬಾಯಿಗೆ ಬಂತು.

"ನಂಗೆ ಸೇರಲ್ಲ ಕಣೇ, ನೀನೇ ಕುಡಿ."

"ನಂಗೂ ಸೇರಲ್ಲಕ್ಕ" ಎಂದಳು ತಂಗಿ.

"ಯಾವಾಗಿಂದ?"

"ನಿಂಗೆ ಯಾವಾಗಿಂದ ಸೇರಲ್ವೋ, ಆವಾಗಿಂದ."

ಅಕ್ಕನ ಬಾಯಿ ನಗಲು ಹೊರಟಿತು. ನಗು ಅರ್ಧಕ್ಕೇ ನಿಂತಿತು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ. ತಂಗಿಯನ್ನು ನೋಡುತ್ತಲೇ, ನಿಧಾನವಾಗಿ, ಕೊನೆಯ ತೊಟ್ಟಿನವರೆಗೂ ಕುಡಿದಳು. ಬೆರಳು ಲೋಟದೊಳಗೆ ಹೋಗುವ ಮೊದಲೇ ತಂಗಿ ಅದನ್ನು ಕೈಯಿಂದ ತೆಗೆದುಕೊಂಡಳು.

ಮಂಚದ ಪಕ್ಕದ ಹೂಜಿಯಿಂದ ಲೋಟಕ್ಕೆ ಒಂದಿಷ್ಟು ನೀರು ಬಗ್ಗಿಸಿದಳು. ಗುಲುಗುಲು ಆಡಿಸಿದಳು. ನೀರು ಬಿಳಿಚಿತು. ಅಕ್ಕ ಬೇಡ ಎನ್ನುವಂತೆ ಕೈ ಎತ್ತುವಷ್ಟರಲ್ಲಿ ಅವಳು ಅದನ್ನು ಒಂದೇ ಗುಟುಕಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೀಗೆ ಮಾಡಿದ್ರೆ ಲೋಟ ತೊಳೆಯೋದು ಸುಲಭ ಅಕ್ಕ" ಎಂದಳು.